ನಮ್ಮ ಓಣಿಯಲ್ಲಿ ಯಾರೂ ಏನೂ ಮಾಡುವುದಿಲ್ಲ

ದುಃಖವನ್ನು ಹೊಟ್ಟೆಯಲ್ಲಿಟ್ಟುಕೊಂಡು ಬದುಕುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸಂತೋಷವನ್ನು ಹಾಗೆ ಇಟ್ಟುಕೊಂಡವರನ್ನು ಕಂಡಿಲ್ಲ. ಇದ್ದರೂ ಅಂಥವರ ಜೊತೆ ನನಗೆ ಹೊಂದಲಿಕ್ಕಿಲ್ಲ. ಒಳ್ಳೆಯ ಸುದ್ದಿಯೊಂದು ಕಿವಿಗೆ ಬಿದ್ದರೆ ಸಾಕು, ಚಪ್ಪಲಿ ಹುಡುಕುವಷ್ಟು ತಾಳ್ಮೆಯೂ ನನಗೆ ಇರುವುದಿಲ್ಲ, ಓಣಿಗೆ ಇಳಿದುಬಿಡುತ್ತೇನೆ. ಮಗ ಹುಟ್ಟಿದ ದಿನ ಹೀಗೇ ಓಡಿದವನು, ಊರ ಅಗಸಿ ಬಾಗಿಲು ದಾಟಿದ ಮೇಲೆ ಯಾರೋ ಗಂಡೋ ಹೆಣ್ಣೋ ಎಂದು ಕೇಳಿದಾಗ ಉತ್ತರ ಗೊತ್ತಿಲ್ಲದೆ ತಿರುಗಿ ಮನೆಗೆ ಓಡಿದ್ದೆ. ನನ್ನ ಹೆಂಡತಿ ಹುಲಿಗೆಮ್ಮ ಇದನ್ನು ಇಂದಿಗೂ ಬಂದವರಿಗೆಲ್ಲ ಹೇಳುತ್ತಾಳೆ. “ಇವರ ಬಾಯಿಗೆ ಬಾಗಲಾ ಹಚ್ಚೂದನ್ನ ದೇವರು ಮರತಾನ್ರಿ” ಎನ್ನುತ್ತಾಳೆ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ಬಾಗಿಲು ಇಲ್ಲದಿದ್ದರೇನಾಯಿತು, ಗಾಳಿಯಾದರೂ ಚೆನ್ನಾಗಿ ಬರುತ್ತದಲ್ಲ ಎಂದುಕೊಳ್ಳುತ್ತೇನೆ.

ಈ ಸಲದ ಸಂತೋಷವಂತೂ ಸಣ್ಣದಲ್ಲ. ನನ್ನ ಮೊಮ್ಮಗಳು ದೀಪಾಳಿಗೆ ನೌಕರಿ ಸಿಕ್ಕಿತು! ಅವಳ ಅಪ್ಪ ಅವ್ವ ಗಂಗಾವತಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾರೆ. ಇವಳು ಮಾತ್ರ ಕಾಲೇಜಿಗೆಂದು ಕೊಪ್ಪಳಕ್ಕೆ ಬಂದು, ಊರಿಗೆ ಅಂಟಿಕೊಂಡೇ ಇರುವ ಭಾಗ್ಯನಗರದ ನಮ್ಮ ಮನೆಯಲ್ಲಿ ಉಳಿದು ಡಿಗ್ರಿ ಮುಗಿಸಿದವಳು. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಅಕ್ಷರಗಳೆಲ್ಲ ಪರಿಚಯವಿದೆ, ಒತ್ತಕ್ಷರಗಳ ಜೊತೆ ಮಾತ್ರ ಸ್ವಲ್ಪ ಮನಸ್ತಾಪ. ಅಂಥ ನನ್ನ ಮನೆಯ ಹುಡುಗಿ ಕೊರಳಿಗೆ ಫೋಟೋ ಇರುವ ಕಾರ್ಡು ತೂಗುಹಾಕಿಕೊಂಡು, ಕೈಯಲ್ಲಿ ಹಲಗೆಯಷ್ಟು ದೊಡ್ಡ ಮೊಬೈಲು ಹಿಡಿದುಕೊಂಡು ನಿಂತರೆ ನನಗೆ ಹೇಗಾಗಬೇಡ? ಆ ಹಲಗೆಗೆ ಟ್ಯಾಬು ಎನ್ನುತ್ತಾರಂತೆ. ಹೇಮಗುಡ್ಡದ ದುರ್ಗವ್ವನಿಗೆ ಹರಕೆ ಹೊತ್ತಿದ್ದೆ. ಕಾರ್ಡು ನೋಡಿದ ದಿನವೇ ಬಸ್ಸು ಹತ್ತಿ ಹೋಗಿ ಕಾಯಿ ಒಡೆಸಿಕೊಂಡು ಬಂದೆ.

ಕೆಲಸ ಏನೆಂದು ದೀಪಾಳೇ ತಿಳಿಸಿ ಹೇಳಿದ್ದಳು. “ಅಜ್ಜಾ, ದೊಡ್ಡ ದೊಡ್ಡ ಕಂಪನಿ ಸುದ್ದಿ ಎಲ್ಲಾ ಸರಕಾರಕ್ಕ ಗೊತ್ತಿರ್ತೈತಿ. ಗೊತ್ತಿಲ್ಲದ್ದು ನಮ್ಮಂಥವರದು. ಬೋರ್ಡ್ ಇರಂಗಿಲ್ಲ, ರಸೀದಿ ಇರಂಗಿಲ್ಲ, ಮನ್ಯಾಗ ಕುಂತ ಏನೇನೋ ಮಾಡ್ತಿರ್ತಾರ. ಅಂಥವರ ಮನೀಗೆ ಹೋಗಿ ಕೇಳಿ ತುಂಬಬೇಕು. ಇದು ಕಾಯಂ ನೌಕರಿ ಅಲ್ಲಜ್ಜಾ, ಗುತ್ತಿಗಿ. ಛಲೋ ಮಾಡಿದರ ಮುಂದುವರಿಸ್ತಾರ, ಇಲ್ಲಂದ್ರ ಇಲ್ಲ.” ನಾನು ಹೂಂ ಹೂಂ ಎಂದು ಕೇಳಿದೆ. ಕೇಳಿದ್ದರಲ್ಲಿ ‘ಸರಕಾರ’ ಎಂಬುದು ಮಾತ್ರ ತಲೆಯೊಳಗೆ ಉಳಿಯಿತು. ಅದೃಷ್ಟ ನೋಡಿ, ಚೀಟಿ ಎತ್ತಿದ ಹಾಗೆ ಓಣಿಗಳನ್ನು ಆರಿಸುತ್ತಾರಂತೆ, ಅವಳಿಗೆ ಮೊದಲು ಬಂದದ್ದು ನಮ್ಮ ಓಣಿಯೇ.

ನಮ್ಮ ಓಣಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮಲ್ಲಿ ನಡೆಯುವುದು ಕೂದಲಿನ ಕೆಲಸ. ಹೆಂಗಸರು ತಲೆ ಬಾಚಿದಾಗ ಹಣಿಗೆಗೆ ಬರುವ ಉದುರು ಕೂದಲು ಇದೆಯಲ್ಲ, ಬೇರೆ ಊರಿನಲ್ಲಿ ಅದು ಕಸ, ನಮ್ಮಲ್ಲಿ ಅದು ಮಾಲು. ಊರೂರಿನಿಂದ ಉಂಡೆಗಳಾಗಿ ಬಂದ ಆ ಕೂದಲು ಗೋದಾಮಿನಿಂದ ಚೀಲದಲ್ಲಿ ಮನೆಮನೆಗೆ ಬರುತ್ತದೆ. ಹೆಂಗಸರು ದಬ್ಬಣ ಹಿಡಿದು ಸಿಕ್ಕು ಬಿಡಿಸಿ, ಮೊಳೆ ಬಡಿದ ಹಲಗೆಯ ಮೇಲೆ ಬಾಚಿ, ಉದ್ದ ನೋಡಿ ಕಟ್ಟು ಕಟ್ಟಿ ತಿರುಗಿ ಕಳಿಸುತ್ತಾರೆ. ಅಲ್ಲಿಂದ ಅದು ಹಡಗು ಹತ್ತಿ ಎಲ್ಲೋ ಹೋಗಿ ಯಾರದೋ ಬೋಳು ತಲೆಯ ಮೇಲೆ ಕೂರುತ್ತದಂತೆ. ನನ್ನ ತಲೆಗೆ ಆ ಭಾಗ್ಯ ಬಂದಿಲ್ಲ. ಮನೆಯ ತುಂಬ ಕೂದಲು, ಮನೆಯ ಯಜಮಾನನ ತಲೆ ಮಾತ್ರ ತೊಳೆದಿಟ್ಟ ಚರಿಗೆಯಂತಿದೆ.

ನಾನೇ ವಯಸ್ಸಿನಲ್ಲಿದ್ದಾಗ ಸೈಕಲ್ಲಿಗೆ ಸ್ಟೀಲು ಪಾತ್ರೆ ತೂಗುಹಾಕಿಕೊಂಡು, ಪಾತ್ರೆ ಕೊಟ್ಟು ಕೂದಲು ಕೂಡಿಸಿದವನು. ಅಳವಂಡಿ, ತಳಕಲ್, ಕುಷ್ಟಗಿ, ಯಲಬುರ್ಗಾ, ನಾನು ಕೂಗದ ಓಣಿ ಇಲ್ಲ. ತಳಕಲ್ಲಿನಲ್ಲಿ ಒಬ್ಬಾಕೆ ನನ್ನ ಬಕೀಟು ನೋಡಿ ಆಸೆಪಟ್ಟಳು. ಕೂದಲು ಕೇಳಿದರೆ ಒಂದು ಸಣ್ಣ ಉಂಡೆ ತಂದಳು. ಇಷ್ಟಕ್ಕೆ ಬಕೀಟು ಬರುವುದಿಲ್ಲವ್ವ ಎಂದೆ. “ಉಳಿದದ್ದು ತಲಿಯಾಗ ಅದಾವಣ್ಣ. ದೀಪಾವಳಿ ಒಳಗ ಉದುರ್ತಾವು. ಬಕೀಟು ಈಗ ಕೊಡು” ಎಂದಳು. ಇನ್ನೂ ಉದುರದ ಕೂದಲನ್ನು ನಂಬಿ ನಾನು ಬಕೀಟು ಕೊಟ್ಟೆ. ದೀಪಾವಳಿಗೆ ಹೋದರೆ ಅವಳು ದೇವರಿಗೆ ಮುಡಿ ಕೊಟ್ಟು ನುಣ್ಣಗೆ ಕೂತಿದ್ದಳು. ದೇವರ ಮೇಲೆ ತಕರಾರು ಮಾಡಲಿಕ್ಕೆ ಆಗುತ್ತದೆಯೇ? ದೀಪಾಳಿಗೆ ಈ ಕತೆ ಹೇಳಿ, ಇಂಥ ವ್ಯಾಪಾರವನ್ನು ನಿನ್ನ ಟ್ಯಾಬಿನಲ್ಲಿ ಎಲ್ಲಿ ತುಂಬುತ್ತೀ ಎಂದು ಕೇಳಿದೆ. ಅವಳು ಟ್ಯಾಬಿನ ಮೇಲೆ ಬೆರಳಾಡಿಸಿ ಹುಡುಕಿ, “ಅದಕ್ಕ ಜಾಗಾ ಇಲ್ಲಜ್ಜಾ” ಎಂದಳು.

ಇರಲಿ. ನೌಕರಿಯ ಸಂತೋಷಕ್ಕೆ ನಾನು ಪೇಡೆ ತಂದು ಓಣಿಯ ಮನೆಮನೆಗೂ ಹಂಚಿದೆ. ಬರೀ ಪೇಡೆ ಕೊಟ್ಟು ಬರುವ ಗಂಡಸು ನಾನಲ್ಲ. ಪ್ರತಿ ಹೊಸ್ತಿಲಲ್ಲೂ ನಿಂತು ಎದೆಯುಬ್ಬಿಸಿ ಹೇಳಿದೆ: “ನನ್ನ ಮೊಮ್ಮಗಳು ಸರಕಾರಿ ಆಫೀಸರ್ ಆಗ್ಯಾಳ! ಸೋಮವಾರ ಬರತಾಳ. ಯಾರ ಮನ್ಯಾಗ ಏನ್ ನಡೀತೈತಿ, ಎಷ್ಟ್ ಗಳಸ್ತೀರಿ, ಎಲ್ಲಾ ಬರಕೊಂತಾಳ. ಒಂದೂ ಬಿಡಂಗಿಲ್ಲ!”

ಎದುರು ಮನೆಯ ಶರಣಮ್ಮ ಪೇಡೆಯನ್ನು ಅರ್ಧ ಕಡಿದವಳು ಅಲ್ಲೇ ನಿಲ್ಲಿಸಿದಳು. “ಎಲ್ಲಾ ಅಂದ್ರ ಎಲ್ಲಾನೂ ಏನಣ್ಣಾ?”

“ಎಲ್ಲಾ!”

ಉಳಿದರ್ಧವನ್ನು ಅವಳು ತಿನ್ನಲಿಲ್ಲ. ಪಾಪ, ಸಕ್ಕರೆ ಕಾಯಿಲೆ ಇರಬೇಕು ಎಂದುಕೊಂಡು ನಾನು ಮುಂದಿನ ಮನೆಗೆ ನಡೆದೆ.

ಸೋಮವಾರ ದೀಪಾ ಹೊರಟಾಗ, ಹಿಂದೆ ಬರಬೇಡ ಎಂದು ನನಗೆ ಖಡಾಖಂಡಿತ ಹೇಳಿದಳು. ನಾನು ಹಿಂದೆ ಹೋಗಲಿಲ್ಲ. ಕ್ಷೌರಕ್ಕೆ ಹೊರಟವನಂತೆ ಪಕ್ಕದಲ್ಲಿ ಹೋದೆ. ಕತ್ತರಿಸಲು ತಲೆಯಲ್ಲಿ ಏನೂ ಇಲ್ಲ ಎಂಬುದು ಓಣಿಗೆಲ್ಲ ಗೊತ್ತಿದ್ದರೂ ಯಾರೂ ಅನ್ನಲಿಲ್ಲ. ಶರಣಮ್ಮನ ಬಾಗಿಲ ಬಳಿ ಬೇವಿನ ಮರವಿದೆ. ಅದರ ಮರೆಯಲ್ಲಿ ನಿಂತರೆ ಒಳಗಿನದೆಲ್ಲ ಕಾಣುತ್ತದೆ.

“ಅಕ್ಕಾರ, ಮನ್ಯಾಗ ಏನರ ಉದ್ಯೋಗ ನಡೀತೈತೇನ್ರಿ?” ಎಂದು ಕೇಳಿದಳು ನನ್ನ ಬಂಗಾರ.

“ಉದ್ಯೋಗಾ? ನಮ್ಮ ಮನ್ಯಾಗ? ಏನೂ ಇಲ್ಲವ್ವ. ಉಣ್ತೀವಿ, ಮಲಗ್ತೀವಿ.”

ಹೀಗೆ ಹೇಳುವಾಗ ಶರಣಮ್ಮ ಕೌದಿ ಮುಚ್ಚಿದ ಒಂದು ದಿಬ್ಬದ ಮೇಲೆ ಕೂತಿದ್ದಳು. ಆ ದಿಬ್ಬ ಎಷ್ಟು ಎತ್ತರವಿತ್ತೆಂದರೆ ಅವಳ ತಲೆ ಗೋಡೆಯ ಕ್ಯಾಲೆಂಡರಿಗೆ ತಾಗುತ್ತಿತ್ತು. ಕೌದಿಯ ಕೆಳಗೆ ಕೂದಲಿನ ಚೀಲಗಳಿವೆ ಎಂಬುದು ದೀಪಾಳಿಗೂ ಗೊತ್ತು, ಶರಣಮ್ಮನಿಗೂ ಗೊತ್ತು.

“ಸೆರಗಿಗೆ ಕೂದಲಾ ಅಂಟ್ಯಾವಲ್ರಿ ಅಕ್ಕಾ?”

“ಅವಾ? ನನ್ನವ. ಉದುರಾಕ ಹತ್ಯಾವು.”

ಶರಣಮ್ಮನ ತಲೆ ಹಾಲಿನಂತೆ ಬೆಳ್ಳಗಿದೆ. ಸೆರಗಿನ ಮೇಲಿನ ಕೂದಲು ಇದ್ದಿಲಿನಂತೆ ಕಪ್ಪಗಿತ್ತು. ಆದರೆ ಹೇಳಿದ್ದನ್ನೇ ಬರೆಯಬೇಕು ಎಂಬುದು ನೌಕರಿಯ ಕಟ್ಟಳೆ. ದೀಪಾ ಬರೆದುಕೊಂಡಳು.

ಮಿರ್ಚಿ ಭಜಿ ಮಲ್ಲಪ್ಪನ ಮನೆಯಲ್ಲಿ ಇನ್ನೊಂದು ತರಹ. ಸಂಜೆಯಾದರೆ ಮೂಲೆಯಲ್ಲಿ ನಿಲ್ಲುವ ಅವನ ತಳ್ಳುಗಾಡಿ ಅಂದು ಪಡಸಾಲೆಯೊಳಗೆ ಸೇರಿತ್ತು. ಅದರ ಮೇಲೆ ಹಾಸಿಗೆ ಹಾಸಿ ತನ್ನ ಮುದಿ ತಾಯಿಯನ್ನು ಮಲಗಿಸಿದ್ದ.

“ಇದು ಅವ್ವನ ಮಂಚರಿ” ಎಂದ ಮಲ್ಲಪ್ಪ.

“ಮಂಚಕ್ಕ ಗಾಲಿ ಅದಾವಲ್ರಿ?”

“ದವಾಖಾನಿಗೆ ಒಯ್ಯಾಕ ಸಲೀಸ ಆಗ್ತೈತ್ರಿ.”

ಮಂಚದ ಮೇಲಿಂದ ಆ ಮುದುಕಿ, “ಮಲ್ಲ್ಯಾ, ಎಣ್ಣಿ ವಾಸನಿಗೆ ತಲಿ ತಿರಗಾಕ ಹತ್ತೈತೋ, ಕೆಳಗ ಇಳಸೋ” ಎಂದು ಗೋಳಿಡುತ್ತಿದ್ದಳು. ಸೀರೆಗೆ ಫಾಲ್ ಹಚ್ಚುವ ಖಾಜಾಬಿ ತನ್ನ ಹೊಲಿಗೆ ಯಂತ್ರಕ್ಕೆ ಚಾದರ ಹೊದಿಸಿ, ಮೇಲೆ ಬಾಳೆಹಣ್ಣಿನ ತಟ್ಟೆ ಇಟ್ಟು ಅದನ್ನು ಟೇಬಲ್ ಎಂದಳು. ಸಂಜೆಯ ಹೊತ್ತಿಗೆ ನಮ್ಮ ಓಣಿಯಲ್ಲಿ ಯಾರೂ ಏನೂ ಮಾಡುವುದಿಲ್ಲ, ಎಲ್ಲರೂ ಉಣ್ಣುತ್ತಾರೆ, ಮಲಗುತ್ತಾರೆ ಎಂದು ಟ್ಯಾಬಿನಲ್ಲಿ ದಾಖಲಾಗಿತ್ತು.

ರಾತ್ರಿ ಊಟದ ಮುಂಚೆಯೇ ಅವಳ ಸೂಪರ್‌ವೈಜರ್ ಸಾಹೇಬರ ಫೋನು ಬಂತು. ಅವರ ದನಿ ಎಷ್ಟು ಜೋರೆಂದರೆ ಮೊಬೈಲು ಇಲ್ಲದಿದ್ದರೂ ಕೇಳಿಸುತ್ತಿತ್ತು. “ಏನ್ರೀ ದೀಪಾ, ಭಾಗ್ಯನಗರದಾಗ ಒಂದ್ ಇಡೀ ಓಣಿಗೆ ಉದ್ಯೋಗನ ಇಲ್ಲೇನ್ರಿ? ಮನ್ಯಾಗ ಕುಂತು ತುಂಬೀರಿ ಅನಸ್ತೈತಿ. ಶನಿವಾರ ನಾನ ಬರ್ತೀನಿ, ಮನಿ ಹೊಕ್ಕು ನೋಡ್ತೀನಿ. ಹಿಂಗ ಇತ್ತಂದ್ರ ಮುಂದಿನ ವಾರದಿಂದ ನೀವು ಬರೂದು ಬ್ಯಾಡ.”

ದೀಪಾ ಉಣ್ಣಲಿಲ್ಲ. ಆದರೆ ನನ್ನ ಧೈರ್ಯ ಕುಂದಲಿಲ್ಲ. ಬಾಗಿಲ ಹಿಂದೆ ನಿಂತ ಹೆಂಗಸರಿಂದ ಕೂದಲು ಹೊರಡಿಸಿದವನು ನಾನು, ಮಾತು ಹೊರಡಿಸಲಾರೆನೇ? ಮರುದಿನ ಅವಳು ಆಫೀಸಿಗೆ ಹೋದ ಕೂಡಲೇ ಓಣಿಗೆ ಇಳಿದೆ. ವಿಚಾರಿಸಿದರೆ ಗುಟ್ಟು ತಿಳಿಯಿತು. ನನ್ನ ಪೇಡೆ ತಿಂದವರೆಲ್ಲ, ಗಳಿಕೆ ಬರೆಸಿದರೆ ಬಿಪಿಎಲ್ ಕಾರ್ಡು ಹೋಗುತ್ತದೆ ಎಂದು ಹೆದರಿ ಕೂತಿದ್ದರು. “ಕಾರ್ಡ್ ಹೋದರ ಅಕ್ಕಿ ನೀ ಕೊಡ್ತೀಯೇನು ಯಮನೂರಪ್ಪಣ್ಣಾ?” ಎಂದು ಶರಣಮ್ಮ ಕೇಳಿಯೇಬಿಟ್ಟಳು.

ಇಷ್ಟೇ ತಾನೇ ಎಂದೆ. ಒಂದು ಮಾತಿನಿಂದ ಕೆಟ್ಟದ್ದನ್ನು ಇನ್ನೊಂದು ಮಾತಿನಿಂದ ಸರಿಪಡಿಸಿದರಾಯಿತು. ಮತ್ತೆ ಹೊಸ್ತಿಲು ಹೊಸ್ತಿಲಿಗೆ ನಿಂತೆ. “ಹುಚ್ಚರದೀರಿ. ಇದು ಕಾರ್ಡ್ ಕಸಗೊಳ್ಳಾಕ ಅಲ್ಲ. ಉದ್ಯೋಗ ಎಷ್ಟು ದೊಡ್ಡದು ಬರಸ್ತೀರೋ ಅಷ್ಟು ಛಲೋ. ನಾಳೆ ಸರಕಾರದವರು ಸಾಲಾ ಕೊಟ್ಟರೂ ಕೊಟ್ಟರು!” ಈ ಕೊನೆಯ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಬಾಯಿ ತಾನಾಗಿ ಆಡಿತು.

ಬುಧವಾರ ದೀಪಾ ಎರಡನೇ ಸಲ ಓಣಿ ಸುತ್ತಿದಳು. ಮಲ್ಲಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲೇ ಕಾದಿದ್ದ. ತನ್ನದು ಭಜಿ ಗಾಡಿಯಲ್ಲ, ಹೋಟೆಲ್ ಎಂದ. ಇನ್ನೊಂದು ಶಾಖೆಯೂ ಇದೆ ಎಂದ. ಎಲ್ಲಿ ಎಂದರೆ, “ಅಮಾಸಿಗೆ ಹುಲಿಗಿ ಗುಡಿ ಮುಂದ ಹಚ್ಚತೀನ್ರಿ” ಎಂದ. ಖಾಜಾಬಿಯ ಹೊಲಿಗೆ ಯಂತ್ರ ಒಂದೇ ರಾತ್ರಿಯಲ್ಲಿ ಗಾರ್ಮೆಂಟ್ ಫ್ಯಾಕ್ಟರಿ ಆಗಿತ್ತು. ಶರಣಮ್ಮನಂತೂ ಕೂದಲಿನ ಜೊತೆಗೆ ಕೋಳಿ ಸಾಕಣೆ ಕೇಂದ್ರವನ್ನೂ ಬರೆಸಿದಳು. ಕೋಳಿಗಳೆಲ್ಲಿ ಎಂದು ದೀಪಾ ಕೇಳಿದರೆ, “ಸಾಲಾ ಬಂದ ಮ್ಯಾಲೆ ತರ್ತೀವಲ್ಲವ್ವ!” ಎಂದಳು. ನನಗೆ ತಳಕಲ್ಲಿನ ಬಕೀಟಿನಾಕೆ ನೆನಪಾದಳು.

ಮಧ್ಯಾಹ್ನ ಮನೆಗೆ ಬಂದ ದೀಪಾ ಟ್ಯಾಬನ್ನು ಹಾಸಿಗೆಯ ಮೇಲೆ ಒಗೆದು ನನ್ನೆದುರು ನಿಂತಳು.

“ಅಜ್ಜಾ, ಓಣ್ಯಾಗ ಏನ್ ಹೇಳೀದಿ?”

“ನಾನಾ? ಏನೂ ಹೇಳಿಲ್ಲವ್ವ. ಉಣ್ತೀನಿ, ಮಲಗ್ತೀನಿ.”

ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಕಣ್ಣು ತುಂಬಿದ್ದವು. “ಸೋಮವಾರ ಯಾರಿಗೂ ಕೆಲಸ ಇರಲಿಲ್ಲ, ಇವತ್ತ ಎಲ್ಲಾರೂ ಸಾವಕಾರ್ರು. ಎರಡರಾಗ ಯಾವುದು ತೋರಸಲಿ ಸಾಹೇಬರಿಗೆ? ನಾ ಇದನ್ನ ಬಿಡಂಗಿಲ್ಲಜ್ಜಾ. ಗಂಗಾವತಿಗೆ ಹೋಗಿ ಅಪ್ಪನ ಅಂಗಡಿ ಗಲ್ಲೆ ಮ್ಯಾಲೆ ಕುಂದ್ರಾಕ ನಾ ಡಿಗ್ರಿ ಮಾಡಿಲ್ಲ. ಶನಿವಾರದತನ ನೀ ಮನೀ ಬಿಟ್ಟು ಹೊರಗ ಕಾಲಿಡಬ್ಯಾಡ.”

ಅಡುಗೆಮನೆಯಿಂದ ಹುಲಿಗೆಮ್ಮ, “ಕಾಲಿಂದ ಏನಾಗೈತವ್ವಾ, ಬಾಯಿ ಕಟ್ಟಿಹಾಕು” ಎಂದಳು.

ಮರುದಿನ ಮಧ್ಯಾಹ್ನ ನಾನು ಒಳಕೋಣೆಯ ಬಾಗಿಲ ಪರದೆಯ ಹಿಂದೆ ಕೂತೆ. ನಮ್ಮ ಪಡಸಾಲೆಗೆ ದಿನಾಲೂ ಆ ಹೊತ್ತಿಗೆ ಓಣಿಯ ಹೆಂಗಸರು ತಮ್ಮ ತಮ್ಮ ಚೀಲ ತಂದು ಸೇರುತ್ತಾರೆ. ಟಿವಿ ದೊಡ್ಡದಿರುವುದು ನಮ್ಮ ಮನೆಯಲ್ಲೇ. ಕಣ್ಣು ಧಾರಾವಾಹಿಯ ಮೇಲೆ, ಬೆರಳು ಕೂದಲಿನೊಳಗೆ. ನನ್ನ ಸುದ್ದಿಗೆ ಹೆದರಿ ಮೂರು ದಿನ ಬಂದಿರಲಿಲ್ಲ, ಆದರೆ ಧಾರಾವಾಹಿಯಲ್ಲಿ ಸೊಸೆಗೆ ವಿಷ ಹಾಕುವ ದಿನ ಬಂದಿತ್ತಾದ್ದರಿಂದ ಎಲ್ಲರೂ ಬಂದರು. ದೀಪಾ ಟ್ಯಾಬನ್ನು ಮೂಲೆಗಿಟ್ಟು ಅವರ ನಡುವೆ ಕಾಲು ಚಾಚಿ ಕೂತು, ಅಜ್ಜಿಯ ಚೀಲದಿಂದ ಒಂದು ಉಂಡೆ ತೆಗೆದು ದಬ್ಬಣ ಹಿಡಿದಳು. ಸಣ್ಣವಳಿದ್ದಾಗ ಅಜ್ಜಿಯ ಪಕ್ಕದಲ್ಲೇ ಕಲಿತ ಕೈ. ಒಂದು ಜಾಹೀರಾತು ಬರುವವರೆಗೆ ಸಿಕ್ಕು ಬಿಡಿಸಿದಳು. ಆಮೇಲೆ ಹೇಳಿದಳು:

“ನೋಡ್ರಿ, ನೀವು ಹೇಳಿದ್ದು ಕಾರ್ಡ್ ಆಫೀಸಿಗೆ ಹೋಗಂಗಿಲ್ಲ. ಸಾಲಾನೂ ಬರಂಗಿಲ್ಲ. ನೀವು ಹೆದರಿದ್ದೂ ಸುಳ್ಳು, ಅಜ್ಜ ಹೇಳಿದ್ದೂ ಸುಳ್ಳು.”

ಪರದೆಯ ಹಿಂದೆ ನಾನು ಇನ್ನಷ್ಟು ಹಿಂದೆ ಸರಿದೆ.

“ಹಂಗಾರ ನಾವ್ಯಾಕ ಹೇಳಬೇಕವ್ವ ನಿನಗ?” ಎಂದಳು ಶರಣಮ್ಮ.

“ನೀವು ಮಾಡೂದು ಕೆಲಸ ಅಂತ ಯಾರರ ಒಬ್ಬರು ಬರೀಲಿ ಅಂತ. ಮತ್ತ, ನನ್ನ ನೌಕರಿ ಉಳೀಲಿ ಅಂತ.”

ಟಿವಿಯಲ್ಲಿ ಯಾರೋ ಸೋಪು ಮಾರುತ್ತಿದ್ದರು. ಶರಣಮ್ಮ ದಬ್ಬಣ ಕೆಳಗಿಟ್ಟು, “ಎರಡನೇದನ್ನ ಮೊದಲ ಹೇಳಬಾರದನ ಹುಚ್ಚಿ! ತಗೋ, ತಾ ನಿನ್ನ ಟ್ಯಾಬು” ಎಂದಳು.

ಆಮೇಲೆ ನಡೆದದ್ದನ್ನು ನೋಡಬೇಕಿತ್ತು, ನಾನು ಕೇಳಿದ್ದು ಮಾತ್ರ. ಒಬ್ಬಳು, ತಾನು ಮಾಡುವುದು ಅಷ್ಟಕ್ಕಷ್ಟೇ ಎಂದರೆ ಪಕ್ಕದವಳು ಬಿಡಲಿಲ್ಲ. “ಏ ಸುಳ್ಳಾಡಬ್ಯಾಡ, ಹ್ವಾದ ವಾರ ನಿನ್ನ ಕಟ್ಟು ನನ್ನಕಿಂತ ದಪ್ಪ ಇತ್ತು.” ಇನ್ನೊಬ್ಬಳು ಹೆಚ್ಚು ಹೇಳಿದರೆ, “ಹೌದೌದು, ಕನಸಿನಾಗ ಬಿಡಸ್ತಾಳ ಈಕಿ” ಎಂದು ಎಲ್ಲರೂ ನಕ್ಕರು. ಖಾಜಾಬಿಯ ಫ್ಯಾಕ್ಟರಿ ಮತ್ತೆ ಒಂದು ಯಂತ್ರವಾಯಿತು. ಹುಟ್ಟದ ಕೋಳಿಗಳೆಲ್ಲ ಹೋದವು. ದಿನಕ್ಕೆ ಎಷ್ಟು ತಾಸು ಕೆಲಸ ಎಂದು ದೀಪಾ ಕೇಳಿದಾಗ ಮಾತ್ರ ಎಲ್ಲರೂ ಒಬ್ಬರನ್ನೊಬ್ಬರು ಕೇಳತೊಡಗಿದರು. ಕೊನೆಗೆ ಖಾಜಾಬಿ, “ಮೂರು ಧಾರಾವಾಹಿ, ನಡುವ ಸುದ್ದಿ ಬಂದರ ಅದೂ ಕೂಡಿ” ಎಂದಳು. ದೀಪಾ ಅದನ್ನು ತಾಸಿಗೆ ಇಳಿಸಿ ಬರೆದುಕೊಂಡಳು. ಉಳಿದದ್ದು ಎಲ್ಲರೆದುರು ಬೇಡ, ಒಬ್ಬೊಬ್ಬರ ಮನೆಗೇ ಬರುತ್ತೇನೆ ಎಂದು, ಅಂದು ಮತ್ತು ಮರುದಿನ ಓಣಿ ಪೂರ್ತಿ ಮತ್ತೆ ತಿರುಗಿದಳು. ಮಲ್ಲಪ್ಪ ತಾಯಿಯನ್ನು ನೆಲಕ್ಕಿಳಿಸಿ ಗಾಡಿಯನ್ನು ಹೊರಗೆ ತಂದ.

ಶನಿವಾರ ಸಾಹೇಬರು ಬಂದರು. ಶರಣಮ್ಮನ ಮನೆ ನೋಡಿದರು, ಮಲ್ಲಪ್ಪನ ಗಾಡಿ ನೋಡಿದರು. ಮುಖ ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಕೊನೆಗೆ ನಮ್ಮ ಹೊಸ್ತಿಲಿಗೇ ಬಂದರು. “ನಿಮ್ಮ ಮನೀನೂ ಇದರಾಗ ಐತೇನ್ರಿ ದೀಪಾ? ಹಂಗಾರ ಇದನ್ನ ಮೊದಲ ನೋಡಬೇಕಿತ್ತು. ನೀವು ಹೊರಗ ನಿಂದರ್ರಿ” ಎಂದರು. ದೀಪಾ ಟ್ಯಾಬನ್ನು ಅವರ ಕೈಗಿಟ್ಟು ಹೊರಗೆ ಹೋದಳು. ನಾನು ಹೊಸ ಧೋತರ ಉಟ್ಟು, ರುಮಾಲು ಸುತ್ತಿ ತಯಾರಾಗಿದ್ದೆ. ಮನೆಯ ಯಜಮಾನನನ್ನು ಕೇಳದೆ ಇನ್ಯಾರನ್ನು ಕೇಳುತ್ತಾರೆ?

“ಈ ಕೂದಲಿನ ಉದ್ಯೋಗ ಯಾರದ್ರಿ ಅಜ್ಜಾರ?”

“ನಂದ್ರಿ! ನಲವತ್ತು ವರ್ಷದಿಂದ ನಂದ.”

“ಮಾಲು ಯಾವ ಗೋದಾಮಿನಿಂದ ಬರ್ತೈತ್ರಿ?”

ನಾನು ಬಾಯಿ ತೆರೆದೆ. ಯಾವ ಗೋದಾಮು? ಎರಡು ಗೋದಾಮಿಗೆ ಸೈಕಲ್ ಹೊಡೆಯುತ್ತೇನೆ, ಇವತ್ತು ಯಾವುದಕ್ಕೆ ಎಂದು ಹುಲಿಗೆಮ್ಮ ಬೆಳಿಗ್ಗೆ ಹೇಳುತ್ತಾಳೆ. ಬಾಗಿಲ ಮರೆಯಿಂದ ಅವಳೇ ಉತ್ತರ ಕೊಟ್ಟಳು. ದರ ಮಾತಾಡುವವರು ಯಾರು? ಉತ್ತರ ಬಾಗಿಲ ಮರೆಯಿಂದ ಬಂತು. ಮಾಲು ಕೆಟ್ಟದಿದ್ದರೆ ತಿರುಗಿ ಕಳಿಸುವವರು ಯಾರು? ಅದೂ ಅಲ್ಲಿಂದಲೇ. ಸಾಹೇಬರು ಕುರ್ಚಿಯನ್ನೇ ಅತ್ತ ತಿರುಗಿಸಿಕೊಂಡರು. ನಾನು ಅವರ ಬೆನ್ನು ನೋಡುತ್ತ ಕೂತೆ. ಒಂದು ಸಲ ಮಾತ್ರ ಹೊರಳಿ ನೋಡಿದರು.

“ಮತ್ತ ನೀವೇನ್ ಮಾಡ್ತೀರ್ರಿ?”

“ಚೀಲಾ ಹೊರ್ತೀನ್ರಿ. ಹಲಗಿ ಮೊಳಿ ಕಿತ್ತರ ಬಡೀತೀನಿ. ಕಟ್ಟು ಸಾಗಸ್ತೀನಿ.”

“ಅದಕ್ಕ ಏನರ ಕೊಡ್ತಾರೇನ್ರಿ?”

“ಚಾ ಕೊಡ್ತಾಳ್ರಿ.”

“ದಿನಾ ಕೊಡಂಗಿಲ್ರಿ” ಎಂದಿತು ಬಾಗಿಲ ಮರೆ.

ಸಾಹೇಬರು ತಮ್ಮ ಹಾಳೆಯನ್ನೂ ದೀಪಾಳ ಟ್ಯಾಬನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ನೋಡಿದರು. ನನ್ನ ಒಣ ಜಂಬಕ್ಕೆ ಮೊಮ್ಮಗಳ ಅನ್ನ ಹೋಯಿತಲ್ಲ ಎಂದುಕೊಂಡೆ. ಆಮೇಲೆ ಅವರು ದೀಪಾಳನ್ನು ಒಳಗೆ ಕರೆದು ಹೇಳಿದರು: “ಎಲ್ಲಾ ತಾಳೆ ಆಗೈತ್ರಿ ದೀಪಾ. ಸ್ವಂತ ಅಜ್ಜನ್ನೂ ಬಿಟ್ಟಿಲ್ಲ ನೀವು. ಸೋಮವಾರ ಯಲಬುರ್ಗಾ ಭಾಗಕ್ಕ ಹೋಗ್ರಿ.”

ಅವರು ಹೋದ ಮೇಲೆ, ನನ್ನ ಬಗ್ಗೆ ಏನು ಬರೆದಿದ್ದೀ ಎಂದು ದೀಪಾಳನ್ನು ಕೇಳಿದೆ. ಅವಳು ತೋರಿಸಲಿಲ್ಲ, ಓದಿ ಹೇಳಿದಳು. ಉದ್ಯೋಗದ ಮಾಲಕಿ: ಹುಲಿಗೆಮ್ಮ. ನಾನು: ಸಂಬಳವಿಲ್ಲದ ಸಹಾಯಕ.

ಬೇರೆಯವರಾಗಿದ್ದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರೇನೋ. ನಾನು ಯೋಚಿಸಿ ನೋಡಿದೆ. ಸೈಕಲ್ ತುಳಿದಷ್ಟು ಕಾಲವೂ ನನ್ನನ್ನು ಯಾವ ಸರಕಾರವೂ ಏನೆಂದೂ ಬರೆದುಕೊಂಡಿರಲಿಲ್ಲ. ಈಗ ಈ ವಯಸ್ಸಿನಲ್ಲಿ, ಹಲ್ಲೆಲ್ಲ ಹೋದ ಮೇಲೆ, ನನ್ನ ಹೆಸರಿಗೂ ಒಂದು ಹುದ್ದೆ ಬಂತು! ಅದೂ ಸ್ವಂತ ಮೊಮ್ಮಗಳ ಕೈಯಿಂದ. ಒಂದೇ ಮನೆಯಲ್ಲಿ ಎರಡು ನೌಕರಿ! ಸಂತೋಷ ತಡೆಯಲಾಗಲಿಲ್ಲ. ಪೇಡೆ ತರೋಣ, ಓಣಿಗೆಲ್ಲ ಹೇಳೋಣ ಎಂದು ಎದ್ದೆ. ಚಪ್ಪಲಿ ಹುಡುಕುವ ತಾಳ್ಮೆ ಎಂದಿನಂತೆ ಇರಲಿಲ್ಲ.

“ಎಲ್ಲಿ ಹೊಂಟ್ರಿ?” ಎಂದಳು ಹುಲಿಗೆಮ್ಮ. “ನಾಲ್ಕು ಚೀಲಾ ಬಂದು ಬಿದ್ದಾವು ಗೋದಾಮಿನ್ಯಾಗ. ಅವನ್ನ ತಂದ ಹಾಕಿ ಆಮ್ಯಾಲೆ ಎಲ್ಲಿ ಬೇಕಲ್ಲಿ ಹೋಗ್ರಿ.”

ಹೊಸ ನೌಕರಿ, ಮೊದಲನೇ ದಿನ. ರುಮಾಲು ಬಿಚ್ಚಿಟ್ಟು ಸೈಕಲ್ ತೆಗೆದೆ. ಯಾವ ಗೋದಾಮು ಎಂದು ಮಾಲಕಿಯನ್ನು ಕೇಳಿಕೊಳ್ಳುವುದನ್ನು ಮರೆತಿದ್ದೇನೆ ಎಂಬುದು ಅಗಸಿ ದಾಟಿದ ಮೇಲೆ ಹೊಳೆಯಿತು.